ನೆಗಡಿ ತಾನೇ ಎಂದು ಕೈಬಿಡಬೇಡಿ

ನಿಮ್ಮ ಮನೆಯಲ್ಲಿ ಮಾತ್ರೆ, ಮುಲಾಮು ಇಡುವ ಡಬ್ಬಿಯನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಮೂಗಿಗೆ ಬಿಡುವ ಡ್ರಾಪ್ಸ್‌ನ ಪುಟ್ಟ ಬಾಟಲಿ ಇದೆಯೇ? ಇದ್ದರೆ ಅದನ್ನು ಯಾವಾಗ ತಂದಿರಿ? ಇದು ಎಷ್ಟನೆಯ ಬಾಟಲಿ? ಮೊದಲ ಪ್ರಶ್ನೆಗೆ "ಹೋದ ವಾರ" ಎಂದೂ ಎರಡನೆಯದಕ್ಕೆ "ಇದೇ ಮೊದಲು" ಎಂದೂ ಉತ್ತರ ಬಂದರೆ ಚಿಂತೆಯಿಲ್ಲ. "ಲೆಕ್ಕ ಇಟ್ಟಿಲ್ಲ" ಎಂದು ಬಂದರೆ, ದಯವಿಟ್ಟು ಈ ಬರಹವನ್ನು ಕೊನೆಯವರೆಗೆ ಓದಿ. ಲೆಕ್ಕ ಇಡದೆ ಹನ್ನೊಂದು ವರ್ಷ ಆ ಬಾಟಲಿಯನ್ನು ಜುಬ್ಬಾದ ಜೇಬಿನಲ್ಲಿಟ್ಟುಕೊಂಡು ತಿರುಗಿದವನು ನಾನು.

ನಮ್ಮ ಹಲಗೂರಿನಲ್ಲಿ ಮಾಗಿಯ ಬೆಳಗಿನ ಹೊತ್ತು ಬೆಂಗಳೂರು-ಕೊಳ್ಳೇಗಾಲ ರಸ್ತೆಯ ಬದಿಯಲ್ಲಿ ನಿಂತರೆ ಮಂಜು ಯಾವುದು, ಹೊಗೆ ಯಾವುದು ತಿಳಿಯುವುದಿಲ್ಲ. ಆಲೆಮನೆಯ ಹೊಗೆ, ಕಬ್ಬಿನ ತರಗು ಸುಟ್ಟ ಹೊಗೆ, ಸ್ನಾನದ ನೀರಿಗೆ ಹಂಡೆ ಒಲೆ ಹಚ್ಚಿದ ಹೊಗೆ, ಲಾರಿಗಳ ಹೊಗೆ ಎಲ್ಲವೂ ಒಂದಾಗಿರುತ್ತವೆ. ಫಜ್ರ್ ನಮಾಝಿಗೆ ಬಂದವರಲ್ಲಿ ಮೂಗು ಸೊರಸೊರ ಎನ್ನದವರು ಕಡಿಮೆ. ಯಾರನ್ನಾದರೂ ಕೇಳಿ, "ಏನಿಲ್ಲ, ನಜ್ಲಾ" ಎನ್ನುತ್ತಾರೆ. ಹತ್ತು ವರ್ಷದಿಂದ ಇದ್ದರೂ ಅದೇ ಮಾತು: "ಏನಿಲ್ಲ".

ಈ "ಏನಿಲ್ಲ" ಎಂಬ ಮಾತಿನ ಮೇಲೆಯೇ ನನ್ನ ತಕರಾರು. ನಮ್ಮ ಕುಟುಂಬಗಳು ತುಂಬಾ ದುಬಾರಿ ಬೆಲೆ ತೆರುತ್ತಿರುವ ಮಾತುಗಳಲ್ಲಿ ಇದೂ ಒಂದು. "ನೆಗಡಿಯಂಥ ರೋಗವಿಲ್ಲ, ಬುಗಡಿಯಂಥ ಒಡವೆಯಿಲ್ಲ" ಎಂಬ ಗಾದೆಯನ್ನು ನಾವು ನಗುವುದಕ್ಕಷ್ಟೇ ಬಳಸುತ್ತೇವೆ. ಔಷಧಿ ತಿಂದರೆ ಒಂದು ವಾರ, ತಿನ್ನದಿದ್ದರೆ ಏಳು ದಿನ ಎಂಬ ತಮಾಷೆಯೂ ಉಂಟು. ವೈರಸ್‌ನಿಂದ ಬಂದು ಹೋಗುವ ನೆಗಡಿಗೆ ಆ ಮಾತು ಸರಿ. ಆದರೆ ವರ್ಷಗಟ್ಟಲೆ ಮೂಗಿನಲ್ಲಿ ಮನೆ ಮಾಡಿಕೊಂಡಿರುವುದು ನೆಗಡಿಯಲ್ಲ. ಅದು ಮೂಗಿನ ಒಳಪೊರೆಯ ದೀರ್ಘಕಾಲದ ಉರಿಯೂತ.

ಎಲ್ಲವೂ ಅಲರ್ಜಿಯಲ್ಲ

ಈಗಿನ ಕಾಲದಲ್ಲಿ ಎರಡು ಸೀನು ಬಂದರೆ "ಅಲರ್ಜಿ" ಎನ್ನುತ್ತೇವೆ. ಅಂಗಡಿಯಲ್ಲಿ ಅಲರ್ಜಿ ಮಾತ್ರೆ ಕೇಳಿ ತರುತ್ತೇವೆ. ಕೆಲವರಿಗೆ ಅದು ನಿಜವಾಗಿಯೂ ಅಲರ್ಜಿಯೇ. ದೂಳಿನ ನುಸಿ, ಹೂವಿನ ಪರಾಗ, ಬೂಷ್ಟು, ಸಾಕುಪ್ರಾಣಿಯ ಹೊಟ್ಟು ಇವುಗಳ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ಕೆರಳುತ್ತದೆ. ಅಂಥವರಿಗೆ ಸಾಲುಸಾಲು ಸೀನು ಬರುತ್ತದೆ, ಮೂಗಿನಲ್ಲೂ ಕಣ್ಣಿನಲ್ಲೂ ತುರಿಕೆ ಇರುತ್ತದೆ. ಸಾಮಾನ್ಯವಾಗಿ ಇದು ಚಿಕ್ಕಂದಿನಲ್ಲೇ ಶುರುವಾಗುತ್ತದೆ.

ಇನ್ನೊಂದು ಗುಂಪಿದೆ. ಇವರಿಗೆ ತುರಿಕೆ ಅಷ್ಟಾಗಿ ಇರುವುದಿಲ್ಲ. ಮೂಗು ಕಟ್ಟುತ್ತದೆ, ಇಲ್ಲವೇ ನೀರಿನಂತೆ ಸೋರುತ್ತದೆ, ಅಥವಾ ಲೋಳೆ ಗಂಟಲ ಹಿಂದೆ ಇಳಿಯುತ್ತಲೇ ಇರುತ್ತದೆ. ಅಲರ್ಜಿಯ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಹೆಚ್ಚಾಗಿ ಇಪ್ಪತ್ತು ವಯಸ್ಸು ದಾಟಿದ ಮೇಲೆ ಶುರುವಾಗುತ್ತದೆ. ಇದೇ ಅಲರ್ಜಿಯಲ್ಲದ ಮೂಗಿನ ಉರಿಯೂತ. ಚಳಿಗಾಳಿ, ಹೊಗೆ, ಬಣ್ಣದ ವಾಸನೆ, ಫಿನಾಯಿಲ್, ಘಾಟಾದ ಅತ್ತರು ಇವೆಲ್ಲ ಇದನ್ನು ಕೆರಳಿಸಬಲ್ಲವು. ಖಾರದ ಸಾರು ಉಣ್ಣುವಾಗ ಮಾತ್ರ ಮೂಗು ಸೋರುವವರೂ ಇದ್ದಾರೆ. ಬಸುರಿನಲ್ಲಿ, ಥೈರಾಯ್ಡ್ ಕಡಿಮೆಯಾದಾಗಲೂ ಮೂಗು ಕಟ್ಟುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳು ಕೆಲವರಲ್ಲಿ ಇದಕ್ಕೆ ಕಾರಣವಾಗುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ವಿಷಯ ತಿಳಿಸಿ.

ಈ ವ್ಯತ್ಯಾಸ ಏಕೆ ಮುಖ್ಯ? ಅಲರ್ಜಿಯ ಮಾತ್ರೆ ಈ ಎರಡನೇ ಗುಂಪಿನವರಿಗೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಮಾತ್ರೆಯಿಂದ ಗುಣ ಕಾಣದವರು ಕೊನೆಗೆ ಹೋಗಿ ನಿಲ್ಲುವುದು ಡ್ರಾಪ್ಸ್ ಬಾಟಲಿಯ ಮುಂದೆ.

ಬಾಟಲಿಯ ಬಲೆ

ನನಗೆ ಆದದ್ದೂ ಅದೇ. ಒಂದು ರಮಝಾನ್‌ಗೆ ಮೊದಲು ನೆಗಡಿಯಾಗಿ ಮೂಗು ಕಟ್ಟಿತ್ತು. ಯಾರೋ ಹೇಳಿದರು ಎಂದು ಒಂದು ಬಾಟಲಿ ತಂದೆ. ಎರಡು ಹನಿ ಬಿಟ್ಟ ಐದೇ ನಿಮಿಷದಲ್ಲಿ ಬಾಗಿಲು ತೆರೆದಂತೆ ಉಸಿರು ಹರಿಯಿತು. ಸುಬ್‌ಹಾನಲ್ಲಾಹ್, ಇಷ್ಟು ಸುಲಭವೇ ಎನಿಸಿತು. ಆ ನೆಗಡಿ ಹೋಯಿತು, ಬಾಟಲಿ ಹೋಗಲಿಲ್ಲ. ಮೊದಲು ರಾತ್ರಿಗೊಮ್ಮೆ, ಆಮೇಲೆ ಬೆಳಿಗ್ಗೆಯೂ, ಕಡೆಗೆ ಮೂರು ಗಂಟೆಗೊಮ್ಮೆ. ತರಾವೀಹ್ ನಡುವೆ ಎದ್ದು ಹೊರಗೆ ಹೋಗಿ ಹನಿ ಬಿಟ್ಟುಕೊಂಡು ಬಂದಿದ್ದೇನೆ. ಊರಿಗೆ ಹೊರಟು ಬಸ್ಸು ಹತ್ತಿದ ಮೇಲೆ ಜೇಬು ಮುಟ್ಟಿ, ಬಾಟಲಿ ಇಲ್ಲವೆಂದು ಗಾಬರಿಯಾಗಿ ಮಳವಳ್ಳಿಯಲ್ಲಿ ಇಳಿದು ಕೊಂಡಿದ್ದೇನೆ.

ಆ ಹನಿಗಳಲ್ಲಿರುವುದು ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂಬ ಔಷಧಿಗಳು. ಮೂಗಿನೊಳಗೆ ಉಬ್ಬಿದ ರಕ್ತನಾಳಗಳನ್ನು ಇವು ಹಿಂಡಿ ಕುಗ್ಗಿಸುತ್ತವೆ. ಜಾಗವಾಗುತ್ತದೆ, ಗಾಳಿ ಹೋಗುತ್ತದೆ. ಔಷಧಿಯ ಪ್ರಭಾವ ಇಳಿದಾಗ ಅದೇ ನಾಳಗಳು ಮತ್ತೆ ಉಬ್ಬುತ್ತವೆ. ದಿನಗಟ್ಟಲೆ ಹೀಗೆ ಮಾಡಿದರೆ ಮೊದಲಿಗಿಂತ ಹೆಚ್ಚು ಉಬ್ಬಲು ಶುರುಮಾಡುತ್ತವೆ. ಆಗ ಮೂಗು ಕಟ್ಟುವುದಕ್ಕೆ ನೆಗಡಿಯೇ ಬೇಕಿಲ್ಲ, ಔಷಧಿಯೇ ಕಾರಣ. ಐದು ದಿನ, ಬಹಳವೆಂದರೆ ಒಂದು ವಾರ. ಅದಕ್ಕಿಂತ ಹೆಚ್ಚು ಈ ಹನಿಗಳನ್ನು ಬಳಸಬಾರದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಒಂದು ದಿನವೂ ಬಳಸಬಾರದು. ದೊಡ್ಡವರ ಬಾಟಲಿಯ ಹನಿಯನ್ನು ಹಸುಗೂಸಿನ ಮೂಗಿಗೆ ಬಿಡುವುದಂತೂ ಅಪಾಯ.

ನಿಲ್ಲಿಸುವುದು ಸಾಧ್ಯವೇ? ಸಾಧ್ಯ. ನಾನೇ ನಿಲ್ಲಿಸಿದ್ದೇನೆ. ಮೊದಲ ವಾರ ಕಷ್ಟ, ರಾತ್ರಿ ಕುಳಿತೇ ನಿದ್ದೆ ಮಾಡಬೇಕಾಯಿತು. ತಜ್ಞ ವೈದ್ಯರು ಬೇರೆಯ ಒಂದು ಸ್ಪ್ರೇ ಬರೆದುಕೊಟ್ಟರು, ಉಪ್ಪುನೀರಿನಿಂದ ಮೂಗು ತೊಳೆಯಲು ಕಲಿಸಿದರು. ಎರಡು ಮೂರು ವಾರಗಳಲ್ಲಿ ಮೂಗು ತನ್ನಷ್ಟಕ್ಕೆ ಉಸಿರಾಡತೊಡಗಿತು. ಇಲ್ಲೊಂದು ಮಾತು ಸ್ಪಷ್ಟವಿರಲಿ. ವೈದ್ಯರು ತಿಂಗಳುಗಟ್ಟಲೆ ಬಳಸಲು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಬೇರೆ, ತಕ್ಷಣ ಮೂಗು ತೆರೆಸುವ ಹನಿ ಬೇರೆ. ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಜನ ಹೆದರಿ ಮೊದಲನೆಯದನ್ನು ಎಸೆಯುತ್ತಾರೆ, ಎರಡನೆಯದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಹೆದರಬೇಕಾದದ್ದು ತಿರುಗುಮುರುಗಾಗಿದೆ.

ಮೂಗಿನಿಂದ ಕಿವಿಗೆ, ಕಣ್ಣಿಗೆ, ನಿದ್ದೆಗೆ

ಮೂಗು ಬರೀ ಎರಡು ತೂತುಗಳಲ್ಲ. ಹಣೆ, ಕೆನ್ನೆ ಮತ್ತು ಕಣ್ಣುಗಳ ನಡುವೆ ಗಾಳಿ ತುಂಬಿದ ನಾಲ್ಕು ಜೊತೆ ಗೂಡುಗಳಿವೆ, ಇವೇ ಸೈನಸ್‌ಗಳು. ಅವೆಲ್ಲದರ ಬಾಗಿಲು ಮೂಗಿನೊಳಗೇ ತೆರೆಯುತ್ತದೆ. ಮೂಗಿನ ಹಿಂಭಾಗದಿಂದ ಎರಡು ನಾಳಗಳು ಕಿವಿಗಳ ಒಳಕೋಣೆಗೆ ಹೋಗುತ್ತವೆ. ಮೂಗಿನ ಒಳಪೊರೆ ಸದಾ ಊದಿಕೊಂಡಿದ್ದರೆ ಈ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚುತ್ತವೆ. ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಎಂದು ಗೃಹಿಣಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲನೆಯದು ಸೈನಸೈಟಿಸ್. ಲೋಳೆ ಹೊರಬರಲಾಗದೆ ಒಳಗೇ ನಿಂತು ಕೊಳೆಯುತ್ತದೆ. ಮುಖ ಭಾರ, ಹಳದಿ-ಹಸಿರು ಸಿಂಬಳ, ವಾಸನೆ ತಿಳಿಯದಿರುವುದು ಇದರ ಗುರುತು. ಸುಜೂದ್‌ಗೆ ಬಾಗಿದಾಗ ಹಣೆ, ಕೆನ್ನೆಗಳಿಗೆ ಕಲ್ಲು ಕಟ್ಟಿದಂತಾಗುವುದು ಎಷ್ಟೋ ನಮಾಝಿಗಳಿಗೆ ಗೊತ್ತಿರುವ ಅನುಭವ. ಹನ್ನೆರಡು ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರೆ. ಈ ಸೋಂಕು ಅಪರೂಪಕ್ಕೆ ಕಣ್ಣಿನ ಗೂಡಿಗೂ ಮಿದುಳಿನ ಪೊರೆಗೂ ಹರಡುವುದುಂಟು. ಅಪರೂಪ ಹೌದು, ಆದರೆ ಸೈನಸ್‌ಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಮೂಳೆ. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂದು ನಾವೆಲ್ಲ ನಡುಗಿದ ಸೋಂಕು ಮೂಗು, ಸೈನಸ್‌ಗಳಲ್ಲೇ ಶುರುವಾಗಿ ಕಣ್ಣಿಗೆ ಹೋಗುತ್ತಿತ್ತು. ಅದಕ್ಕೆ ಹೆಚ್ಚಾಗಿ ತುತ್ತಾದವರು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು. ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ನಮ್ಮಲ್ಲಿ ಎಷ್ಟಿವೆ, ನೀವೇ ಯೋಚಿಸಿ.

ಎರಡನೆಯದು ಪಾಲಿಪ್. ವರ್ಷಗಳ ಕಾಲ ಊದಿಕೊಂಡ ಒಳಪೊರೆ ಕೆಲವರಲ್ಲಿ ದ್ರಾಕ್ಷಿಯಂಥ ಮೆತ್ತನೆಯ ಗೆಡ್ಡೆಗಳಾಗಿ ಜೋತುಬೀಳುತ್ತದೆ. ನೋವಿಲ್ಲ, ಆದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಬಿರಿಯಾನಿಯ ದಮ್ ತೆಗೆದಾಗ ಮನೆಯವರೆಲ್ಲ ಆಹಾ ಎಂದರೆ ಇವರು ಸುಮ್ಮನೆ ಕುಳಿತಿರುತ್ತಾರೆ. ವಾಸನೆ ತಿಳಿಯದವರಿಗೆ ರುಚಿಯೂ ಅರ್ಧ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ. ಪಾಲಿಪ್ ಜೊತೆಗೆ ಉಬ್ಬಸವೂ ಇರುವವರು ಇನ್ನೊಂದು ಎಚ್ಚರ ವಹಿಸಬೇಕು. ಅವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಿಂದೊಡನೆ ಉಬ್ಬಸ ಜೋರಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಮಂಡಿ ನೋವಿಗೆಂದು ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಳ್ಳುವ ಮುನ್ನ ಇದು ನೆನಪಿರಲಿ.

ಮೂರನೆಯದು ನಿದ್ದೆ. ಮೂಗು ಕಟ್ಟಿದವರು ಬಾಯಲ್ಲಿ ಉಸಿರಾಡುತ್ತಾರೆ, ಗೊರಕೆ ಹೊಡೆಯುತ್ತಾರೆ, ರಾತ್ರಿಯೆಲ್ಲ ಅರೆ ನಿದ್ದೆ. ಗೊರಕೆಯ ನಡುವೆ ಉಸಿರೇ ನಿಂತು ಮತ್ತೆ ದಡಕ್ಕನೆ ಶುರುವಾಗುವವರು ಖಂಡಿತ ವೈದ್ಯರನ್ನು ಕಾಣಬೇಕು. ಅದು ರಕ್ತದೊತ್ತಡವನ್ನೂ ಹೃದಯವನ್ನೂ ಕೆಡಿಸುತ್ತದೆ. ಫಜ್ರ್‌ಗೆ ಏಳಲಾಗದ ಮಗನನ್ನು ಸೋಮಾರಿ ಎಂದು ಬೈಯುವ ಮೊದಲು ಒಂದು ರಾತ್ರಿ ಅವನ ಪಕ್ಕ ಕುಳಿತು ಅವನು ಉಸಿರಾಡುವುದನ್ನು ನೋಡಿ.

ನಾಲ್ಕನೆಯದು ಕಿವಿ. ಮಕ್ಕಳಲ್ಲಿ ಮೂಗಿನಿಂದ ಕಿವಿಗೆ ಹೋಗುವ ನಾಳ ಗಿಡ್ಡ, ಅಗಲ ಮತ್ತು ಹೆಚ್ಚು ಅಡ್ಡಲಾಗಿರುತ್ತದೆ. ಮೂಗಿನ ಕಾಯಿಲೆ ಬೇಗ ಕಿವಿ ಮುಟ್ಟುತ್ತದೆ. ಕೆಲವೊಮ್ಮೆ ಕಿವಿ ಸೋರುತ್ತದೆ, ಆಗಲಾದರೂ ಗೊತ್ತಾಗುತ್ತದೆ. ಕೆಲವೊಮ್ಮೆ ತಮಟೆಯ ಹಿಂದೆ ಅಂಟಿನಂಥ ದ್ರವ ಸೇರಿಕೊಂಡು ಸದ್ದಿಲ್ಲದೆ ಕಿವಿ ಮಂದವಾಗುತ್ತದೆ. ನೋವಿಲ್ಲ, ಸೋರುವುದಿಲ್ಲ, ಜ್ವರವಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗ ಹೀಗೇ ಇದ್ದ. ಸದಾ ಮೂಗು ಸೋರುತ್ತಿತ್ತು, ಬಾಯಿ ತೆರೆದೇ ಇರುತ್ತಿತ್ತು. ಶಾಲೆಯಲ್ಲಿ "ಮೊದ್ದು" ಎಂದರು. ಮದ್ರಸದಲ್ಲಿ ಸೀನ್, ಸ್ವಾದ್, ಸಾ ಮೂರನ್ನೂ ಒಂದೇ ರೀತಿ ಓದುತ್ತಾನೆಂದು ಏಟೂ ತಿಂದ. ಮನೆಯಲ್ಲಿ ಕರೆದರೆ ತಿರುಗಿ ನೋಡುವುದಿಲ್ಲವೆಂದು ತಂದೆ ಹೊಡೆದರು. ಕಡೆಗೆ ಟಿ.ವಿ.ಗೆ ಮೂಗು ತಾಗಿಸಿ ಕೂರುತ್ತಾನೆಂದು ಗಮನಿಸಿದವರು ಅವನ ಅಜ್ಜಿ. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ದ್ರವ ತುಂಬಿತ್ತು. ಆ ಹುಡುಗ ಮೊದ್ದನಾಗಿರಲಿಲ್ಲ, ಅವನಿಗೆ ಕೇಳಿಸುತ್ತಿರಲಿಲ್ಲ. ಚಿಕಿತ್ಸೆಯಾದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, "ಫ್ಯಾನು ಇಷ್ಟು ಸದ್ದು ಮಾಡುತ್ತಾ?" ಎಂದು. ಆ ಎರಡು ವರ್ಷಗಳ ಏಟುಗಳನ್ನು ಹಿಂದಕ್ಕೆ ಪಡೆಯಲು ಯಾರಿಂದಾದೀತು?

ಯಾರೂ ಹೇಳದ ಕಾಯಿಲೆ

ಇನ್ನೊಂದು ಸಂಗತಿಯನ್ನು ಬರೆಯಲು ನನಗೆ ಸಂಕೋಚವಿತ್ತು. ಆದರೆ ಈ ಬರಹ ಬರೆಯಲು ಕಾರಣವೇ ಅದು.

ಹಿರಿಯರು ಪೀನಸ ಎನ್ನುತ್ತಿದ್ದ ಒಂದು ಕಾಯಿಲೆಯಿದೆ. ಇಲ್ಲಿ ಒಳಪೊರೆ ಊದಿಕೊಳ್ಳುವ ಬದಲು ಒಣಗಿ ಸವೆದುಹೋಗುತ್ತದೆ. ಮೂಗಿನೊಳಗೆ ಅಗಲವಾದ ಖಾಲಿ ಜಾಗ, ಅದರ ತುಂಬ ಹಸಿರು ಹಕ್ಕಳೆ. ಆ ಹಕ್ಕಳೆಗಳಿಂದ ದೂರದವರೆಗೆ ದುರ್ವಾಸನೆ ಬರುತ್ತದೆ. ಹೆಂಗಸರಲ್ಲಿ, ಅದರಲ್ಲೂ ಪೌಷ್ಟಿಕ ಆಹಾರವಿಲ್ಲದ ಬಡವರಲ್ಲಿ ಇದು ಹೆಚ್ಚು. ಇದರ ಕ್ರೂರತೆ ಏನೆಂದರೆ, ವಾಸನೆ ತಿಳಿಸುವ ನರಗಳೂ ಸವೆದಿರುವುದರಿಂದ ರೋಗಿಗೆ ಮಾತ್ರ ಆ ವಾಸನೆ ತಿಳಿಯುವುದಿಲ್ಲ. ಸುತ್ತಲಿನವರಿಗೆಲ್ಲ ತಿಳಿಯುತ್ತದೆ.

ನನ್ನ ತಾಯಿಯ ಕಡೆಯ ಒಬ್ಬ ಹೆಂಗಸಿಗೆ ಈ ಕಾಯಿಲೆ ಇತ್ತು. ನಿಖಾಹ್ ಸಮಾರಂಭಗಳಲ್ಲಿ ಅವರ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಮಕ್ಕಳು ಅವರ ಮಡಿಲಿಗೆ ಹೋಗುತ್ತಿರಲಿಲ್ಲ. ಗಂಡನ ಮನೆಯವರು ಬೇರೆ ಕೋಣೆ ಕೊಟ್ಟರು. ತಮ್ಮಲ್ಲಿ ಏನೋ ಕೆಟ್ಟದ್ದಿದೆ, ಜನ ತಮ್ಮನ್ನು ದ್ವೇಷಿಸುತ್ತಾರೆ ಎಂದಷ್ಟೇ ಅವರು ತಿಳಿದಿದ್ದರು. ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದರು, ಬಟ್ಟೆ ಪೆಟ್ಟಿಗೆಯಲ್ಲಿ ಅತ್ತರಿನ ಹತ್ತಿ ಇಡುತ್ತಿದ್ದರು. ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ಹೆಜ್ಜೆ ದೂರ ಕುಳಿತೆವೇ ಹೊರತು ನಾವೂ ಹೇಳಲಿಲ್ಲ. ನಲವತ್ತು ದಾಟಿದ ಮೇಲೆ ಒಬ್ಬ ಸೊಸೆ, ಹೊರಗಿನಿಂದ ಬಂದ ಹುಡುಗಿ, ಅವರ ಕೈ ಹಿಡಿದು ವಿಷಯ ತಿಳಿಸಿ ಪಟ್ಟಣದ ಕಿವಿ-ಮೂಗು-ಗಂಟಲು ತಜ್ಞರ ಬಳಿ ಕರೆದೊಯ್ದಳು. ಸೋಡ ಬೆರೆಸಿದ ನೀರಿನಿಂದ ದಿನವೂ ಮೂಗು ತೊಳೆದು ಹಕ್ಕಳೆ ತೆಗೆಯುವುದು, ಗ್ಲಿಸರಿನ್‌ನಲ್ಲಿ ಗ್ಲೂಕೋಸ್ ಬೆರೆಸಿದ ಹನಿ ಬಿಡುವುದು, ಇಷ್ಟೇ ಚಿಕಿತ್ಸೆ. ಕಾಯಿಲೆ ಪೂರ್ತಿ ಹೋಗಲಿಲ್ಲ, ವಾಸನೆ ಹೋಯಿತು. ಒಂದು ಈದ್‌ನ ದಿನ ಮೊಮ್ಮಗು ಅವರ ಮಡಿಲಲ್ಲೇ ನಿದ್ದೆ ಹೋದದ್ದನ್ನು ನಾನು ನೋಡಿದೆ. ಅವರು ಹೇಳಿದ್ದು ಒಂದೇ ಮಾತು: "ಇಷ್ಟು ವರ್ಷ ನನಗೆ ಯಾರೂ ಹೇಳಲೇ ಇಲ್ಲವಲ್ಲ."

ಓದುಗರೇ, ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಮರೆಯಲ್ಲಿ ಕರೆದು, ಪ್ರೀತಿಯಿಂದ, ನೇರವಾಗಿ ಹೇಳಿ. ಹೇಳದಿರುವುದು ಮರ್ಯಾದೆಯಲ್ಲ. ಅವರ ಬೆನ್ನ ಹಿಂದೆ ಮೂಗು ಮುಚ್ಚಿಕೊಳ್ಳುವುದು ಪರನಿಂದೆಗಿಂತ ಹೇಗೆ ಕಡಿಮೆ?

ವುಝೂ ನೀರು ಮತ್ತು ಮೂಗು

ಮೂಗಿನ ಶುಚಿತ್ವವನ್ನು ನಮಗೆ ಹೊಸದಾಗಿ ಕಲಿಸಬೇಕಿಲ್ಲ. ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಮೂಗಿಗೆ ನೀರೆಳೆದು ಹೊರಹಾಕುತ್ತೇವೆ. ನಿದ್ದೆಯಿಂದ ಎದ್ದಾಗ ಮೂಗನ್ನು ಚೆನ್ನಾಗಿ ಸ್ವಚ್ಛಗೊಳಿಸಲು ಪ್ರವಾದಿಯವರು(ಸ) ಕಲಿಸಿದ್ದಾರೆ. ದೂಳು, ಹೊಗೆ, ಒಣಗಿದ ಲೋಳೆಯನ್ನು ನೀರು ಕೊಚ್ಚಿ ತೆಗೆಯುವುದು ಒಳಪೊರೆಗೆ ಹಿತ. ಆದರೆ ನಾವು ಮಾಡುವುದೇನು? ಅರ್ಧಕ್ಕರ್ಧ ಜನ ಬೆರಳು ತೇವ ಮಾಡಿ ಮೂಗಿನ ತುದಿ ಮುಟ್ಟಿ ಮುಗಿಸುತ್ತಾರೆ. ಇನ್ನು ಕೆಲವರು ಎರಡೂ ಹೊಳ್ಳೆ ಒತ್ತಿ ಬಲವಾಗಿ ಸೀದುತ್ತಾರೆ. ಹಾಗೆ ಸೀದಿದರೆ ಮೂಗಿನ ಸೋಂಕು ನೇರ ಕಿವಿಗೆ ನುಗ್ಗುತ್ತದೆ. ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಸೀದಿ, ಮಕ್ಕಳಿಗೂ ಹಾಗೇ ಕಲಿಸಿ.

ಇನ್ನು ನೀರಿನ ಮಾತು. ನಮ್ಮ ನೆರೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಶುದ್ಧೀಕರಿಸಿ ಬೆಂಗಳೂರಿಗೆ ಕಳಿಸುತ್ತಾರೆ. ಅದೇ ಸೀಮೆಯ ನಮ್ಮ ಎಷ್ಟು ಮಸೀದಿಗಳ ಹೌಝ್‌ಗಳನ್ನೂ ತೊಟ್ಟಿಗಳನ್ನೂ ಕಾಲಕಾಲಕ್ಕೆ ತೊಳೆದು ಕ್ಲೋರಿನ್ ಹಾಕುತ್ತೇವೆ? ಬೆಚ್ಚನೆಯ, ನಿಂತ, ಶುದ್ಧೀಕರಿಸದ ನೀರಿನಲ್ಲಿ ಒಂದು ಬಗೆಯ ಅಮೀಬಾ ಬೆಳೆಯಬಲ್ಲದು. ಕುಡಿದರೆ ಅದು ಏನೂ ಮಾಡದು. ಮೂಗಿನ ಮೂಲಕ ಮೇಲೇರಿದರೆ ಮಿದುಳು ಸೇರುತ್ತದೆ. ಹಾಗಾದವರಲ್ಲಿ ಬದುಕುಳಿದವರು ವಿರಳ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಇಂಥ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕರಾಚಿಯಲ್ಲಿ ಈ ರೋಗ ಬಂದವರಲ್ಲಿ ಹಲವರು ಎಂದೂ ಕೆರೆಯಲ್ಲಿ ಈಜಿದವರೇ ಅಲ್ಲ. ವುಝೂಗೆ ಬಳಸಿದ ನೀರಿನಿಂದ ಬಂದಿರಬೇಕೆಂದು ಅಲ್ಲಿನ ವೈದ್ಯರು ಶಂಕಿಸಿದರು. ಇದು ಬಹಳ ಅಪರೂಪದ ಕಾಯಿಲೆ, ವುಝೂಗೆ ಹೆದರಬೇಕಿಲ್ಲ. ಆದರೆ ತೊಟ್ಟಿಗೆ ಮುಚ್ಚಳ, ನಿಯಮಿತವಾಗಿ ತೊಳೆಯುವುದು, ಕ್ಲೋರಿನ್ ಹಾಕುವುದು, ನಿಂತ ನೀರಿನ ಬದಲು ನಲ್ಲಿ: ಇವು ಜಮಾಅತ್ ಸಮಿತಿಗಳ ಕೆಲಸ. ಮಿನಾರಕ್ಕೆ ಬಣ್ಣ ಬಳಿಯುವ ಮೊದಲು ತೊಟ್ಟಿಯ ತಳ ಉಜ್ಜಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಚಿಕಿತ್ಸೆಗೆಂದು ಆಳವಾಗಿ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ, ಅಯೋಡಿನ್ ಬೆರೆಸದ ಶುಭ್ರ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ಉಗುರು ಬೆಚ್ಚಗಿರಲಿ. ಬಳಸಿದ ಪಾತ್ರೆ ತೊಳೆದು ಒಣಗಿಸಿಡಿ. ದಿನಕ್ಕೊಮ್ಮೆ ಎರಡು ಬಾರಿ ಸಾಕು.

ರಮಝಾನ್‌ನಲ್ಲಿ ಉಪವಾಸದ ಹೊತ್ತು ಮೂಗಿಗೆ ನೀರನ್ನು ಆಳವಾಗಿ ಎಳೆಯಬಾರದೆಂಬುದು ಎಲ್ಲರಿಗೂ ತಿಳಿದಿದೆ. ಮೂಗಿನ ಔಷಧಿಯ ವಿಷಯದಲ್ಲಿ ವಿದ್ವಾಂಸರ ನಡುವೆ ಅಭಿಪ್ರಾಯಭೇದವಿದೆ, ನಿಮ್ಮ ಉಲಮಾಗಳನ್ನು ಕೇಳಿ. ಆದರೆ ಸ್ಟಿರಾಯ್ಡ್ ಸ್ಪ್ರೇ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಬಾರಿ ಬಳಸುವ ಔಷಧಿ. ವೈದ್ಯರಿಗೆ ಹೇಳಿ ಸಹರಿಗೂ ಇಫ್ತಾರ್ ನಂತರಕ್ಕೂ ಸಮಯ ಹೊಂದಿಸಿಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ. ಉಪವಾಸವೆಂದು ತಿಂಗಳಿಡೀ ಔಷಧಿ ಬಿಟ್ಟು ಈದ್‌ಗೆ ಸೈನಸ್ ನೋವಿನಿಂದ ಮಲಗುವುದು ಬೇಡ.

ಮನೆಯೊಳಗಿನ ಹೊಗೆ

ಅಲರ್ಜಿಯಲ್ಲದ ಮೂಗಿಗೆ ದೊಡ್ಡ ಶತ್ರು ಹೊಗೆ. ಅಡುಗೆಗೆ ಗ್ಯಾಸ್ ಬಂದಿದೆ, ಸ್ನಾನದ ನೀರಿಗೆ ಈಗಲೂ ಸೌದೆ. ಆ ಒಲೆ ಹೊತ್ತಿಸಲು ನಾವು ಬಳಸುವುದು ಹಾಲಿನ ಕವರು, ಪ್ಲಾಸ್ಟಿಕ್ ಚೀಲ. ಆ ಹೊಗೆಯನ್ನು ಮೊದಲು ಕುಡಿಯುವವಳು ಒಲೆ ಊದುವ ಹೆಣ್ಣುಮಗಳು. ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆಯ ಜೊತೆ ಹಳೆಯ ಟಯರ್ ಸುಡುವವರಿದ್ದಾರೆ. ಬೆಲ್ಲ ತಿನ್ನುವವರಿಗಿಂತ ಮೊದಲು ಅದರ ಬೆಲೆ ತೆರುವವರು ಅಲ್ಲಿ ದುಡಿಯುವವರು. ರಾಮನಗರ, ಕನಕಪುರದ ಕಡೆ ರೇಷ್ಮೆ ನೂಲು ಬಿಚ್ಚುವ ನಮ್ಮ ನೆಂಟರಿಷ್ಟರೂ ದಿನವೆಲ್ಲ ಗೂಡು ಬೇಯಿಸುವ ಆವಿ, ಹುಳುವಿನ ವಾಸನೆ, ಸೌದೆ ಹೊಗೆಯಲ್ಲೇ ಇರುತ್ತಾರೆ. ಕೆಲಸ ಬಿಡಿ ಎನ್ನಲಾಗದು. ಕಿಟಕಿ ಇರಲಿ, ಹೊಗೆಗೊಳವೆ ಇರಲಿ, ಮೂಗಿಗೆ ಬಟ್ಟೆಯಿರಲಿ, ಮನೆಗೆ ಬಂದೊಡನೆ ಮೂಗು ತೊಳೆಯಲಿ. ಬೀಡಿ, ಸಿಗರೇಟಿನ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ: ಮನೆಯೊಳಗೆ ಬೇಡವೇ ಬೇಡ.

ಇನ್ನು ಹಸುಗೂಸುಗಳು. ನಮ್ಮ ಸೀಮೆಯಲ್ಲಿ ಜಾತಿ ಧರ್ಮ ಎಣಿಸದೆ ಎಲ್ಲ ಮನೆಗಳಲ್ಲೂ ಇರುವ ಎರಡು ಪದ್ಧತಿಗಳು: ಮಗುವಿಗೆ ಎರೆದ ಮೇಲೆ ಮೂಗಿಗೆ ಎಣ್ಣೆ ಬಿಟ್ಟು ಊದುವುದು, ಆಮೇಲೆ ಸಾಂಬ್ರಾಣಿ ಹೊಗೆ ಹಾಕುವುದು. ಅಜ್ಜಿಯರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಆ ಎಣ್ಣೆ ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯ ತರುತ್ತದೆ. ಹೊಗೆ ಎಳೆಯ ಮೂಗನ್ನೂ ಪುಪ್ಪುಸವನ್ನೂ ಕೆರಳಿಸುತ್ತದೆ. ಈ ಎರಡನ್ನೂ ಬಿಡಿ. ಕೂಸಿನ ಮೂಗು ಕಟ್ಟಿದರೆ ವೈದ್ಯರು ಹೇಳಿದಂತೆ ಬರೀ ಉಪ್ಪುನೀರಿನ ಹನಿ ಸಾಕು.

ಯಾವಾಗ ತಡಮಾಡಬಾರದು

ಕೆಲವು ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು ರಕ್ತ ಬರುತ್ತಿದ್ದರೆ ಗೆಡ್ಡೆ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಮಣಿಯೋ ಹುಣಸೆ ಬೀಜವೋ ಒಳಗಿರಬಹುದು. ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಬಾಗಿದಾಗ ಒಂದೇ ಕಡೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಅದರಲ್ಲೂ ತಲೆಗೆ ಪೆಟ್ಟು ಬಿದ್ದ ಮೇಲೆ, ಅದು ನೆಗಡಿಯಲ್ಲ, ಮಿದುಳಿನ ಸುತ್ತಲಿನ ದ್ರವವಿರಬಹುದು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಜ್ವರದೊಂದಿಗೆ ತಡೆಯಲಾಗದ ತಲೆನೋವು, ಕತ್ತು ಬಿಗಿತ ಇದ್ದರೆ ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಉಳಿದವರಿಗೆ ಅವಸರವಿಲ್ಲ, ಆದರೆ ಮೂರು ತಿಂಗಳು ದಾಟಿದ ಯಾವ ನೆಗಡಿಯನ್ನೂ ತಜ್ಞರಿಗೆ ತೋರಿಸದೆ ಬಿಡಬೇಡಿ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಪಡೆದು ಮುಂದೆ ಹೋಗಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಮಕ್ಕಳ ಕೇಳುವ ಶಕ್ತಿ ಪರೀಕ್ಷಿಸಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಿಂದ ಇರುವ ಆ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಮರಳಬಹುದಾದಷ್ಟು ಹತ್ತಿರವಿರುವ ನಾವು ಮಾತ್ರ ನಾಳೆ ಎನ್ನುತ್ತೇವೆ.

ಗಂಡಸರಿಗೆ ಒಂದು ಕೊನೆಯ ಮಾತು. ನನ್ನ ಮೂಗಿಗೆ ಕೊನೆಗೂ ತಜ್ಞರು ಸಿಕ್ಕರು, ಏಕೆಂದರೆ ಬಸ್ಸು ಹತ್ತಲು ನನಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಅತ್ತೆಯನ್ನೋ ಹೆಂಡತಿಯನ್ನೋ ಮಗಳನ್ನೋ "ಬರೀ ನೆಗಡಿಗೆ" ಮಂಡ್ಯದವರೆಗೆ ಕರೆದೊಯ್ಯುವ ಗಂಡಸು ನಮ್ಮಲ್ಲಿ ಕಡಿಮೆ. ಖಾಲಿ ಜಾಗದ ಪಕ್ಕ ಕುಳಿತಿದ್ದ ಆ ಹೆಂಗಸು ನಲವತ್ತು ದಾಟುವವರೆಗೆ ಕಾದದ್ದು ಚಿಕಿತ್ಸೆ ಇಲ್ಲವೆಂದಲ್ಲ, ಕರೆದೊಯ್ಯುವವರಿಲ್ಲವೆಂದು. ಇವತ್ತು ರಾತ್ರಿ ಮನೆಯವರೆಲ್ಲ ಊಟಕ್ಕೆ ಕುಳಿತಾಗ ಒಬ್ಬೊಬ್ಬರನ್ನೂ ಕೇಳಿ: ವಾಸನೆ ತಿಳಿಯುತ್ತದೆಯೇ? ಕಿವಿ ಸರಿಯಾಗಿ ಕೇಳಿಸುತ್ತದೆಯೇ? ನಿದ್ದೆ ಬರುತ್ತದೆಯೇ? ಯಾರಾದರೂ "ಏನಿಲ್ಲ" ಎಂದರೆ ಆ ಮಾತನ್ನು ನಂಬದೆ ಇನ್ನೊಮ್ಮೆ ಕೇಳಿ.